ಕುರ್ಚಿಗೆ ಸಂದ ಪೂಜೆ

ಮಾನ್ಯ ವಾಚಕ ಮಹಾಶಯರೇ, ಕೊಡುವ ಕೈಯನ್ನು ಕಂಡೊಡನೆ ಒಂದು ಹೆಜ್ಜೆ ಹಿಂದೆ ಸರಿಯುವ ಮನುಷ್ಯರೂ ಈ ಲೋಕದಲ್ಲಿರುವುದನ್ನು ತಾವು ಬಲ್ಲಿರಷ್ಟೆ. ಅಂಥವನೊಬ್ಬನ ವೃತ್ತಾಂತಕ್ಕೆ ಕೊಂಚ ಅವಧಾನವನ್ನು ದಯಪಾಲಿಸಬೇಕಾಗಿ ವಿನಂತಿ.

ಕಾಸರಗೋಡಿನ ಕಡೆಯ ನಿತ್ಯಾನಂದ ಕೊಚ್ಚಿಯ ವೈಟ್ಟಿಲದಲ್ಲಿ ಒಂದು ಅಪಾರ್ಟ್‌ಮೆಂಟಿನ ಕಾವಲುಗಾರ. ಊರೂರು ಅಲೆದು ದುಡಿದವನು. ಯಾರಾದರೂ ಬಾಳೆಹಣ್ಣು ಕೊಟ್ಟರೆ ಸಿಪ್ಪೆ ಸುಲಿಯುವ ಮೊದಲೇ, ಇದರ ಬೆನ್ನಿಗೆ ಯಾವ ಕೆಲಸ ಬರಲಿದೆಯೋ ಎಂದು ಯೋಚಿಸುವನು.

ಆಯುಧಪೂಜೆಯ ಬೆಳಿಗ್ಗೆ ಅವನು ನೀರಿನ ಮೋಟರು ಹಾಕಿ ಬರುವಷ್ಟರಲ್ಲಿ ಗೇಟಿನ ಬಳಿ ಗುಂಪು ನೆರೆದಿತ್ತು. ಅವನ ಕುರ್ಚಿಯ ಕಾಲುಗಳಡಿ ಒಂದೊಂದು ನಿಂಬೆಹಣ್ಣು, ಬೆನ್ನಿಗೆ ಚೆಂಡುಹೂವು, ಪಕ್ಕದಲ್ಲಿ ಕುಂಕುಮ ತುಂಬಿ ಒಡೆದ ಬೂದುಗುಂಬಳ.

“ಅಯ್ಯೋ, ಕೂಡೋತ್ರಂ!” ಕಸ ಗುಡಿಸುವ ಮೇರಿ ಶಿಲುಬೆಯ ಗುರುತು ಮಾಡಿಕೊಂಡಳು. “ಯಾರೋ ಮಾಟ ಮಾಡಿಸಿದ್ದಾರೆ ಚೇಟ್ಟಾ. ಕೂತಿರೋ, ಕತೆ ಮುಗೀತು!”

ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ರಾಜೀವ್ ಕ್ಯಾಮೆರಾ ನೋಡಿ ಬಂದ. “ಐದನೇ ಮಹಡಿಯ ಅಪರ್ಣಾ. ಮೈಸೂರಿನವರು, ನಿಮ್ಮ ಭಾಷೆಯವರೇ. ಏನಿದು, ಹೇಳಿ. ಮಾಟವೇ ಆದರೆ ಮನೆ ಖಾಲಿ ಮಾಡಿಸಿಬಿಡುತ್ತೇನೆ.”

ನಿತ್ಯಾನಂದನಿಗೆ ಎಲ್ಲವೂ ಗೊತ್ತಿತ್ತು. ಅವನ ಊರಿನಲ್ಲೂ ಈ ದಿನ ಬಸ್ಸಿನ ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ. ಆದರೆ ಕಾವಲುಗಾರನ ಕುರ್ಚಿಗೇಕೆ ಪೂಜೆ? ಕಳೆದ ವಾರ ರಾಜೀವನ ಕಾರಿನ ಕನ್ನಡಿ ಒಡೆದಿತ್ತು. ಅಪರ್ಣಾಳ ಸ್ಕೂಟರು ಆ ಕಡೆ ಹೋದದ್ದನ್ನು ಅವನು ಕಂಡಿದ್ದ. ಹಾಗಾದರೆ ಇದು ಬಾಯಿ ಮುಚ್ಚಿಸುವ ಉಪಾಯ. ಈಗ ಆಕೆಯ ಪರ ಮಾತಾಡಿದರೆ ತಾನೂ ಪಾಲುಗಾರ.

“ನಂಗೆ ಗೊತ್ತಿಲ್ಲ ಸಾರ್,” ಎಂದ.

ಸುದ್ದಿ ತಿಳಿದು ಅಪರ್ಣಾ ಓಡುತ್ತ ಇಳಿದಳು. ಕೈಯಲ್ಲಿನ್ನೂ ಕುಂಕುಮವಿತ್ತು.

“ಮಾಟಾನಾ? ನಮ್ಮ ಸ್ಕೂಟರ್ ನೋಡಿ, ಅದಕ್ಕೂ ಇಟ್ಟಿದೀನಿ. ಲಿಫ್ಟ್ ಕೆಟ್ಟಾಗ ಜ್ವರ ಬಂದಿದ್ದ ನನ್ನ ಮಗಳು ಇಂಚರಾನ ಇವ್ರು ಮೇಲಿನವರೆಗೂ ಹೊತ್ಕೊಂಡು ಬಂದ್ರು. ಇವ್ರ ಕುರ್ಚಿಗೂ ಒಂದು ಹೂವಿರಲಿ ಅಂತ ಇಟ್ಟೆ, ಅಷ್ಟೇ.”

ನಿತ್ಯಾನಂದ ಬಾಯಿ ತಪ್ಪಿ ಕೇಳಿಬಿಟ್ಟ. “ಹಾಗಾದರೆ ಸಾರ್ ಕಾರಿನ ಕನ್ನಡಿ?”

“ಅದಾ?” ರಾಜೀವ್ ನಕ್ಕ. “ತಮ್ಮ ಸ್ಕೂಟರ್ ತಾಗಿ ಒಡೀತು ಅಂತ ಅಪರ್ಣಾ ಅಂದೇ ಹೇಳಿದರು. ಹೊಸದನ್ನೂ ಅವರೇ ಹಾಕಿಸಿದರು.”

ಅಪರ್ಣಾ ನಿತ್ಯಾನಂದನನ್ನೇ ದಿಟ್ಟಿಸಿದಳು. “ನಿಮ್ಮ ಕಡೇನೂ ಈ ಪೂಜೆ ಇದೆ ಅಲ್ವಾ? ಒಂದು ಮಾತು ಹೇಳಬಾರದಿತ್ತಾ?”

ಅವನು ಗೇಟು ತೆರೆಯುವ ನೆಪದಲ್ಲಿ ಅತ್ತ ಸರಿದ.

ಮಧ್ಯಾಹ್ನ ಆಕೆ ಮನೆಮನೆಗೂ ತಾನೇ ಹೋಗಿ ಹೋಳಿಗೆ ಕೊಟ್ಟಳು. ಅವನ ಪಾಲು ಮೇರಿಯ ಕೈಯಲ್ಲಿ ಬಂತು. ಮೊದಲ ಬಾರಿಗೆ ಏನನ್ನೂ ಯೋಚಿಸದೆ ತಿನ್ನಲು ನೋಡಿದ, ಆಗದೆ ಅದನ್ನು ಮೇರಿಗೇ ಕೊಟ್ಟ.

ಸಂಜೆ ಸಮವಸ್ತ್ರ ಮಡಚಿಟ್ಟು, ಎರಡು ಲುಂಗಿ, ಒಂದು ಹೊದಿಕೆ ಚೀಲಕ್ಕೆ ತುರುಕಿದ.

“ಎಲ್ಲಿಗೆ ಚೇಟ್ಟಾ? ಹೋಗು ಅಂತ ಯಾರೂ ಹೇಳಲಿಲ್ಲವಲ್ಲ!” ಎಂದಳು ಮೇರಿ.

“ಹೇಳಲಿಲ್ಲ. ತಿರುವನಂತಪುರದ ಶ್ರೀಕಾರ್ಯಂನಲ್ಲಿ ಒಂದು ಹಾಸ್ಟೆಲಿಗೆ ವಾಚ್‌ಮನ್ ಬೇಕಂತೆ.”

ಚೀಲವನ್ನು ಹೆಗಲಿಗೇರಿಸಿ ಅವನು ತಿರುವನಂತಪುರದ ಬಸ್ಸು ಹಿಡಿಯಲು ನಡೆದ.