ಇಲ್ಲದ ಮೂವತ್ತು ಶಬ್ದಗಳು

ವಿಶ್ವವಿದ್ಯಾಲಯ ಕಳಿಸಿದ ಸರಿಯುತ್ತರದ ಹಾಳೆಯನ್ನು ಚನ್ನಯ್ಯನವರು ಎರಡನೆಯ ಸಲ ಓದಿದರು. ಮೊದಲ ಸಲ ಓದಿದಾಗ ಕಣ್ಣು ಎಲ್ಲೋ ಒಂದು ಸಾಲು ಹಾರಿಸಿರಬೇಕು ಅಂದುಕೊಂಡಿದ್ದರು. ಎರಡನೆಯ ಸಲವೂ ಅಲ್ಲಿ ಬರೆದದ್ದು ಅದೇ ಇತ್ತು. ಪಟ್ಟಿಯಲ್ಲಿರುವ ನೂರಿಪ್ಪತ್ತು ಶಬ್ದಗಳಲ್ಲಿ ಮೂವತ್ತು ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ. ಅವನ್ನು ಪರೀಕ್ಷೆಗೆಂದೇ ಕಟ್ಟಿದ್ದು. ಆ ಮೂವತ್ತರಲ್ಲಿ ಐದಕ್ಕಿಂತ ಹೆಚ್ಚು ಶಬ್ದಗಳ ಮುಂದೆ 'ಗೊತ್ತು' ಎಂದು ಗುರುತು ಹಾಕಿದವರ ಪತ್ರಿಕೆಯನ್ನು ಅಲ್ಲಿಗೇ ಕೈಬಿಡತಕ್ಕದ್ದು. ಅಂಥವರ ಎರಡನೆಯ ಭಾಗವನ್ನು, ಅಂದರೆ ಒಂದು ಗದ್ಯ ಓದಿ ಅದರ ಮೇಲೆ ಬರೆದ ಉತ್ತರಗಳನ್ನು, ತಿದ್ದುವ ಅಗತ್ಯವಿಲ್ಲ.

ಶನಿವಾರದ ಮಧ್ಯಾಹ್ನ, ಕಾಲೇಜು ಬಿಟ್ಟು ಎರಡು ತಾಸಾಗಿತ್ತು. ಶಹಾಪುರದ ಆ ಕಾಲೇಜಿನ ಇಂಗ್ಲಿಷ್ ವಿಭಾಗವೆಂದರೆ ಒಂದೇ ಕೋಣೆ. ಕಾಲುವೆ ತೋಡುವ ಕಾಲದಲ್ಲಿ ಸಿಮೆಂಟಿನ ಚೀಲ ಒಟ್ಟುತ್ತಿದ್ದ ತಗಡಿನ ಶೆಡ್ಡು. ಕಾಲುವೆಗೆ ನೀರು ಬಂದು, ಜೋಳದ ಹೊಲಗಳೆಲ್ಲ ಗದ್ದೆಯಾಗಿ ಹತ್ತು ವರ್ಷ ಕಳೆದರೂ ಗಾಳಿ ಬೀಸಿದಾಗೊಮ್ಮೆ ಸಂದಿಗಳಿಂದ ಬೂದು ಪುಡಿ ಉದುರಿ ಮೇಜಿನ ಮೇಲೆ ಕೂರುತ್ತಿತ್ತು. ಜವಾನ ರಾಜಾಸಾಬ ದಿನಾ ಅದನ್ನು ಒರೆಸುತ್ತಿದ್ದ, ಒರೆಸುವಾಗ ದಿನಾ ಒಂದೇ ಮಾತು ಆಡುತ್ತಿದ್ದ: ಕಾಲುವೆಗೆ ಹೋಗಬೇಕಾದ ಸಿಮೆಂಟು ಹೋಗದೆ ಇಲ್ಲೇ ಇಂಗ್ಲಿಷ್ ಕಲಿಯಾಕ ಕೂತದ ನೋಡ್ರಿ ಸರ, ಅಂತ.

ಇಂಥ ಪರೀಕ್ಷೆ ವಿಶ್ವವಿದ್ಯಾಲಯದಿಂದ ಬಂದದ್ದು ಅದೇ ಮೊದಲು. ಬಿ.ಎ. ಕೊನೆಯ ವರ್ಷದವರಲ್ಲಿ ಯಾರಿಗೆ ಎಷ್ಟು ಶಬ್ದ ಗೊತ್ತು, ಓದಿದ್ದು ಎಷ್ಟು ತಿಳಿಯುತ್ತದೆ ಎಂದು ನೋಡಿ, ತೇರ್ಗಡೆಯಾದವರನ್ನು ಕಲಬುರ್ಗಿಗೆ ಕರೆಸಿಕೊಂಡು ಒಂದು ವರ್ಷ ಬರೀ ಇಂಗ್ಲಿಷ್ ಕಲಿಸುತ್ತಾರಂತೆ. ಊಟ, ಹಾಸ್ಟೆಲು ಪುಕ್ಕಟೆ. ಮುಗಿದ ಮೇಲೆ ಎಂ.ಎ.ಗೆ ನೇರ ಪ್ರವೇಶ. ಬರೆಯುವುದು ಪೆನ್ಸಿಲಿನಲ್ಲಿ. ತಿದ್ದುವುದು ಆಯಾ ಕಾಲೇಜಿನ ಇಂಗ್ಲಿಷ್ ಉಪನ್ಯಾಸಕರೇ. ಉತ್ತರದ ಲಕೋಟೆಗೆ ಅರಗು ಹಾಕಿತ್ತು. ಪರೀಕ್ಷೆ ಮುಗಿದ ಮೇಲೆಯೇ ಒಡೆಯಬೇಕು. ಚನ್ನಯ್ಯನವರು ನಿಯಮ ಮುರಿಯುವವರಲ್ಲ. ಗುರುವಾರ ಪರೀಕ್ಷೆ ನಡೆಸಿ, ಶನಿವಾರ ಒಡೆದಿದ್ದರು.

ಮೊದಲನೆಯ ಪತ್ರಿಕೆ ತೆಗೆದುಕೊಂಡರು. ಇಲ್ಲದ ಶಬ್ದಗಳ ಮುಂದೆ ಗುರುತು ಇದ್ದಲ್ಲೆಲ್ಲ ಕೆಂಪು ಸುತ್ತು ಹಾಕುತ್ತ ಹೋದರು, ಮೂವತ್ತೂ ಸುತ್ತಾದವು. ಎರಡನೆಯದರಲ್ಲಿ ಇಪ್ಪತ್ತೆಂಟು. ಮೂರನೆಯದರಲ್ಲಿ ಮತ್ತೆ ಮೂವತ್ತು. ಹನ್ನೆರಡನೆಯ ಪತ್ರಿಕೆಗೆ ಬರುವಷ್ಟರಲ್ಲಿ ಅವರಿಗೆ ಗುರುವಾರದ ಒಂದು ಸದ್ದು ನೆನಪಾಯಿತು, ಕೈ ನಿಂತಿತು.

ಗುರುವಾರ ಪರೀಕ್ಷೆ ಶುರುವಾಗಿ ಕಾಲು ತಾಸಾಗಿರಬೇಕು. ಸಾಲುಗಳ ನಡುವೆ ಅಡ್ಡಾಡುತ್ತಿದ್ದ ಚನ್ನಯ್ಯನವರು ಶೇಖಮ್ಮನ ಬೆಂಚಿನ ಹತ್ತಿರ ನಿಂತಿದ್ದರು. ದೋರನಹಳ್ಳಿಯ ಈ ಹುಡುಗಿಗೆ ತರಗತಿಯಲ್ಲಿ 'ಗೊತ್ತಿಲ್ರಿ ಶೇಖಮ್ಮ' ಎಂದೇ ಹೆಸರು. ಏನು ಕೇಳಿದರೂ ಮೊದಲು ಗೊತ್ತಿಲ್ಲ ಅನ್ನುವವಳು. ಅವಳ ಹಾಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಶಬ್ದಗಳ ಮುಂದೆ ಏನೂ ಇರಲಿಲ್ಲ.

"ಇಷ್ಟ್ಯಾಕ ಖಾಲಿ ಬಿಟ್ಟಿ ಅವ್ವ?" ಎಂದಿದ್ದರು, ಇಡೀ ಕೋಣೆಗೆ ಕೇಳುವ ಹಾಗೆ. "ಮೂರು ವರ್ಷ ನಾ ಏನೂ ಕಲಿಸೇ ಇಲ್ಲೇನು?"

"ಗೊತ್ತಿದ್ದಷ್ಟಕ್ಕ ಹಾಕೀನ್ರಿ ಸರ," ಎಂದು ಅವಳು ತಲೆ ತಗ್ಗಿಸಿಯೇ ಅಂದಿದ್ದಳು.

ಆಮೇಲೆ ಆ ಸದ್ದು. ಒಂದು ಗಳಿಗೆ ಸುಮ್ಮನಿದ್ದ ಕೋಣೆಯಲ್ಲಿ ಒಮ್ಮೆಗೇ ಉಳಿದ ಇಪ್ಪತ್ತೇಳು ಪೆನ್ಸಿಲುಗಳು ಗೀಚತೊಡಗಿದ್ದವು. ಹುಡುಗರಿಗೆ ಹುರುಪು ಬಂತು ಎಂದು ತಿಳಿದು ಚನ್ನಯ್ಯನವರು ಖುಷಿಯಿಂದಲೇ ಕಿಟಕಿಯ ಕಡೆ ಹೋಗಿದ್ದರು.

ಸರ್‌ಗೆ ಗೊತ್ತಿಲ್ಲದ ಶಬ್ದವಿಲ್ಲ ಎಂಬ ಮಾತು ಶಹಾಪುರದಿಂದ ಸುರಪುರದವರೆಗೆ ಇತ್ತು. ಹಾಗೆ ನೋಡಿದರೆ ಅವರು ಎಂ.ಎ. ಕಟ್ಟಿದ್ದು ಮನೆಯಲ್ಲೇ ಕೂತು, ಸಂತೆಯಲ್ಲಿ ಕೊಂಡ ಹಳೆಯ ನೋಟ್ಸುಗಳಿಂದ. ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ತರಗತಿಯೊಳಗೆ ಒಂದು ದಿನವೂ ನಿಘಂಟು ತೆರೆದವರಲ್ಲ. ಯಾರು ಯಾವ ಶಬ್ದ ಕೇಳಿದರೂ ನಿಂತಲ್ಲೇ ಒಂದು ಅರ್ಥ ಹೇಳುತ್ತಿದ್ದರು. ಬಹಳಷ್ಟು ಸಲ ಅದು ಸರಿಯೂ ಇರುತ್ತಿತ್ತು. ತಪ್ಪಿದ್ದಾಗ ಮನೆಗೆ ಹೋಗಿ ನೋಡಿಕೊಂಡು ಸುಮ್ಮನಾಗುತ್ತಿದ್ದರು. ಮರುದಿನ ತಿದ್ದಿ ಹೇಳಬೇಕೆಂದು ಹೊರಡುತ್ತಿದ್ದರು; ಬಾಗಿಲಿಗೆ ಬಂದಾಗ ಎಲ್ಲರೂ ಎದ್ದು ನಿಲ್ಲುವುದನ್ನು ನೋಡಿ ಹೇಳುವುದಾಗುತ್ತಿರಲಿಲ್ಲ.

ಅವರು ಮೇಜಿನ ಸೆಳೆಖಾನೆ ಎಳೆದರು. ಅಲ್ಲಿ ಇನ್ನೊಂದು ಪತ್ರಿಕೆ ಇತ್ತು. ಬುಧವಾರ, ಎಷ್ಟು ಹೊತ್ತು ಹಿಡಿಯುತ್ತದೆ ನೋಡೋಣ ಎಂದು, ಹೆಚ್ಚುವರಿ ಬಂದ ಪ್ರತಿಯೊಂದನ್ನು ತಾವೇ ತುಂಬಿದ್ದರು. ಹತ್ತೇ ನಿಮಿಷ ಹಿಡಿದಿತ್ತು. ಈಗ ಉತ್ತರದ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಅದಕ್ಕೂ ಕೆಂಪು ಸುತ್ತು ಹಾಕಿದರು. ಇಪ್ಪತ್ತನಾಲ್ಕು.

'ಬ್ಯಾಲ್ಡರೇಟ್' ಎಂಬುದೊಂದಿತ್ತು. ಅದಕ್ಕೆ ಗುರುತು ಹಾಕುವಾಗ ಅವರ ಮನಸ್ಸಿನಲ್ಲಿ ಒಂದು ಅರ್ಥವೂ ಬಂದಿತ್ತು, ದಾರ ಸಿಕ್ಕುಗಟ್ಟುವುದು ಎನ್ನುವಂಥದ್ದು. ಎಲ್ಲೋ ಓದಿದ ನೆನಪೂ ಆಗಿತ್ತು. ಯಾರಾದರೂ ಕೇಳಿದ್ದರೆ ಹೇಳಿಯೇಬಿಡುತ್ತಿದ್ದರು, ಕೇಳಿದವರು ಬರೆದುಕೊಳ್ಳುತ್ತಿದ್ದರು.

ಶೇಖಮ್ಮನ ಪತ್ರಿಕೆ ಕಟ್ಟಿನ ನಡುವೆ ಸಿಕ್ಕಿತು. ನಲವತ್ತಮೂರು ಗುರುತುಗಳು. ಇಲ್ಲದ ಶಬ್ದಗಳಲ್ಲಿ ಒಂದಕ್ಕೂ ಇಲ್ಲ. ಓದಿನ ಭಾಗದಲ್ಲಿ ಐದರಲ್ಲಿ ಮೂರು ಉತ್ತರ ಸರಿ, ಒಂದು ಅರ್ಧ, ಒಂದು ಖಾಲಿ. ಅಷ್ಟಕ್ಕೇ ಅವಳು ತೇರ್ಗಡೆ. ಅವಳ ಅಪ್ಪ ತಾಯಪ್ಪ ಉಪಕಾಲುವೆಯ ತೂಬಿನ ಹತ್ತಿರ ಅಳತೆಗಂಬ ನೋಡಿ ನೀರಿನ ಮಟ್ಟ ಬರೆದಿಡುವ ದಿನಗೂಲಿಯವನು. ಅವನಿಗೆ ಕಣ್ಣು ಮಂಜಾದ ಮೇಲೆ ಮಗಳೇ ನೋಡಿ ಬರೆಯುತ್ತಿದ್ದಳು. ಒಂದು ಬೆಳಗ್ಗೆ ಬಸ್ಸು ಕಾಲುವೆಯ ಸೇತುವೆ ಮೇಲೆ ಕೆಟ್ಟು ನಿಂತಾಗ ಚನ್ನಯ್ಯನವರು ಅವಳನ್ನು ನೋಡಿದ್ದರು. ಮೇಲಿನ ಊರಿನ ಇಬ್ಬರು ದಂಡೆಯ ಮೇಲೆ ನಿಂತು, ತಾವು ಹೆಚ್ಚು ಹರಿಸಿಕೊಂಡ ನೀರು ಲೆಕ್ಕಕ್ಕೆ ಸಿಗದಿರಲೆಂದು, ಅರ್ಧ ಅಡಿ ಕಮ್ಮಿ ಬರೆದರೆ ನಿನ್ನ ಗಂಟೇನು ಹೋಗುತ್ತದೆ ಎಂದು ಜಬರಿಸುತ್ತಿದ್ದರು. ಅವಳು ಅವರ ಕಡೆ ನೋಡದೆ, ಮೆಟ್ಟಿಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ತೆರೆ ನಿಲ್ಲುವುದನ್ನು ಕಾಯುತ್ತಿದ್ದಳು. ನಿಂತ ಮೇಲೆ ಬರೆದುಕೊಂಡು ಬಂದು ಬಸ್ಸು ಹತ್ತಿದ್ದಳು.

ಅಂಬ್ರಪ್ಪನ ಪತ್ರಿಕೆಯನ್ನು ಅವರು ಕೊನೆಗೆಂದು ಇಟ್ಟುಕೊಂಡಿದ್ದರು. ಮುದನಾಳದ ಹುಡುಗ. ತಾಯಿ ತಿಮ್ಮವ್ವ ಕಂಡವರ ಗದ್ದೆಯಲ್ಲಿ ಸಸಿ ಹಚ್ಚುವ ಕೂಲಿ. ಇವನೂ ರಜೆಯಲ್ಲಿ ಅದೇ ಕೆಲಸ ಮಾಡುವವನು. ಈ ಪರೀಕ್ಷೆ ಇರುವುದೇ ಅವನಿಗಾಗಿ ಎಂದು ಚನ್ನಯ್ಯನವರು ಎಲ್ಲರ ಮುಂದೆ ಹೇಳಿದ್ದರು. ತಿಮ್ಮವ್ವ ಆಗಲೇ ಒಂದು ಟ್ರಂಕು ತಂದು, ಅದರ ಮೇಲೆ ಮಗನ ಹೆಸರು ಬರೆಸಿಟ್ಟಿದ್ದಳಂತೆ.

ಅವನ ಪತ್ರಿಕೆಯಲ್ಲಿ ಇಲ್ಲದ ಶಬ್ದಗಳಿಗೆ ಇಪ್ಪತ್ತೊಂಬತ್ತು ಗುರುತು.

ನಿಯಮ ಬೇಡವೆಂದರೂ ಚನ್ನಯ್ಯನವರು ಹಾಳೆ ತಿರುವಿ ಅವನ ಓದಿನ ಭಾಗ ನೋಡಿದರು. ಗದ್ಯ, ಸಮುದ್ರದ ದೀಪಸ್ತಂಭ ಕಾಯುವ ಒಬ್ಬ ಮುದುಕನದು. ನಾಳೆಯಿಂದ ಕರೆಂಟಿನ ದೀಪ ಬರುತ್ತದೆಂದು ತಿಳಿದ ದಿನವೂ ಅವನು ಹಳೆಯ ಗಾಜನ್ನು ಯಾಕೆ ಒರೆಸಿದ ಎಂಬುದು ಕೊನೆಯ ಪ್ರಶ್ನೆ. ಕಾರಣವನ್ನು ಗದ್ಯದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಓದಿದವರು ತಿಳಿದು ಹೇಳಬೇಕು. ಸಮುದ್ರ ಕಾಣದ ಅಂಬ್ರಪ್ಪ ಸರಳವಾದ ಇಂಗ್ಲಿಷಿನಲ್ಲಿ, ಮಸಿ ಹಿಡಿದ ಗಾಜನ್ನು ಇನ್ನೊಬ್ಬರ ಕೈಗೆ ಒಪ್ಪಿಸಲು ಅವನಿಗೆ ಮನಸ್ಸು ಬರಲಿಲ್ಲ ಎಂದು ಬರೆದಿದ್ದ. ಐದೂ ಉತ್ತರ ಸರಿ ಇದ್ದವು. ಇಪ್ಪತ್ತೊಂಬತ್ತು ವರ್ಷದಲ್ಲಿ ಇಂಥ ಓದು ಬರುವ ಹುಡುಗರು ಅವರ ಕೈಗೆ ಮೂರೋ ನಾಲ್ಕೋ ಜನ ಸಿಕ್ಕಿದ್ದರು.

ರಬ್ಬರು ಮೇಜಿನ ಮೇಲೇ ಇತ್ತು. ಅವರು ಅಂಬ್ರಪ್ಪನ ಹಾಳೆಗೆ ಇನ್ನೂ ಕೆಂಪು ಸುತ್ತು ಹಾಕಿರಲಿಲ್ಲ. 'ಬ್ಯಾಲ್ಡರೇಟ್' ಎದುರಿನ ಗುರುತನ್ನು ಮೆಲ್ಲಗೆ ಅಳಿಸಿದರು. ಸೀಸದ ಕಪ್ಪು ಹೋಯಿತು. ಆದರೆ ಹುಡುಗ ಒತ್ತಿ ಬರೆದಿದ್ದ. ಹಾಳೆಯಲ್ಲಿ ಗುರುತಿನ ಗೀರು ಹಾಗೇ ಉಳಿದಿತ್ತು. ಬೆರಳಾಡಿಸಿದರೆ ತಾಗುತ್ತಿತ್ತು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತಲೂ ಇತ್ತು. ಎಷ್ಟು ಹೊತ್ತು ಹಾಗೆ ಹಿಡಿದು ಕೂತರೋ, ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು.

"ಬರ್ಲೇನ್ರಿ ಸರ?"

ಅಂಬ್ರಪ್ಪನೇ. ಬಂಡಲನ್ನು ಸಂಜೆಯ ಬಸ್ಸಿಗೆ ರಾಜಾಸಾಬ ಯಾದಗಿರಿಗೆ ಒಯ್ಯಬೇಕಿತ್ತು. ಅಲ್ಲಿನ ಕಾಲೇಜಿನ ಜಗದೇವಪ್ಪನವರು, ಅವರೂ ಒಂದು ಕಾಲಕ್ಕೆ ಚನ್ನಯ್ಯನವರ ವಿದ್ಯಾರ್ಥಿಯೇ, ಸುತ್ತಲಿನ ಕಾಲೇಜುಗಳ ಬಂಡಲುಗಳನ್ನೆಲ್ಲ ಕೂಡಿಸಿ ಸೋಮವಾರ ಕಲಬುರ್ಗಿಗೆ ಒಯ್ಯುವವರಿದ್ದರು. ಅದೇ ಬಸ್ಸಿಗೆ ಊರಿಗೆ ಹೋಗುವ ಅಂಬ್ರಪ್ಪ ಬಂಡಲು ಕಟ್ಟಿಕೊಡುತ್ತೇನೆಂದು ನೆಪ ಮಾಡಿ ಬಂದಿದ್ದ. ಅವನು ಕೇಳಬೇಕೆಂದು ಬಂದದ್ದು ಬೇರೆ ಎಂಬುದು ಅವನ ಮುಖದ ಮೇಲೇ ಇತ್ತು.

ಚನ್ನಯ್ಯನವರು ಕೂಡಿಸಿ ಎಲ್ಲ ಹೇಳಿದರು. ಮೂವತ್ತು ಶಬ್ದಗಳ ಸಂಗತಿ, ಐದರ ನಿಯಮ, ಅವನ ಪತ್ರಿಕೆ ಕೈಬಿಡಬೇಕಾಗಿ ಬಂದದ್ದು. ಶೇಖಮ್ಮ ಒಬ್ಬಳೇ ಉಳಿದಳು ಎಂಬುದನ್ನೂ ಹೇಳಿದರು. ಅಂಬ್ರಪ್ಪ ನೆಲ ನೋಡುತ್ತ ಕೇಳಿದ.

"ಬ್ಯಾಲ್ಡರೇಟ್ ಅಂದ್ರ ಏನು ಅಂಬ್ರಪ್ಪ?"

"ಗೊತ್ತಿಲ್ರಿ."

"ಮತ್ತ ಯಾಕ ಗುರುತು ಹಾಕಿದಿ?"

ಹೊರಗೆ ರಾಜಾಸಾಬ ಯಾರಿಗೋ ಬಸ್ಸಿನ ವೇಳೆ ಹೇಳುತ್ತಿದ್ದ.

"ನೀವು ಕಲಿಸಿರಬೇಕು, ನಾನ ಮರ್ತಿರಬೇಕು ಅನ್ಕೊಂಡೆನ್ರಿ," ಎಂದ. "ಖಾಲಿ ಬಿಟ್ರ ನೀವು ಕಲಿಸಿಲ್ಲ ಅಂದಂಗ ಆಗ್ತಿತ್ತು. ಎಲ್ಲಾರೂ ಹಂಗ ಹಾಕ್ಯಾರ್ರಿ ಸರ. ಯುನಿವರ್ಸಿಟಿಯವರ ಮುಂದ ನಿಮ್ಮ ಹೆಸರ ಹೋಗಬಾರದು ಅಂತ."

ಚನ್ನಯ್ಯನವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

ಅಂಬ್ರಪ್ಪನ ಕಣ್ಣು ಮೇಜಿನ ಮೇಲಿನ ರಬ್ಬರಿನ ಮೇಲೆ ನಿಂತಿತ್ತು. "ಪೆನ್ಸಿಲ್‌ಲೆ ಬರದದ್ದಲ್ರಿ," ಎಂದ, ಅವರಿಗಲ್ಲ, ರಬ್ಬರಿಗೆ ಹೇಳುವ ಹಾಗೆ.

"ಒಂದು ಅಳಿಸಿ ನೋಡಿದೆ." ಅವನ ಪತ್ರಿಕೆಯನ್ನು ಅವನ ಮುಂದೆ ಸರಿಸಿದರು. "ನಿಂದು ಅಳಿಸಿದ್ರ ನೀ ಹೋಗ್ತಿ. ಉಳಿದ ಇಪ್ಪತ್ತಾರು ಮಂದಿದು ಏನು ಮಾಡ್ಲಿ? ಆ ಹುಡುಗಿ ಖರೇ ಬರದದ್ದಕ್ಕ ಎಲ್ಲಾರ ಮುಂದ ಆಕಿಗಿ ಬೈದವ ನಾನು. ಆಕಿ ಮುಂದ ಹೆಂಗ ನಿಂದರ್ಲಿ?"

ಅಂಬ್ರಪ್ಪ ಅಳಿಸಿದ ಜಾಗವನ್ನು ಬೆರಳಿನಿಂದ ಮುಟ್ಟಿದ. ಚನ್ನಯ್ಯನವರು ಪೆನ್ಸಿಲು ತೆಗೆದುಕೊಂಡು ಆ ಗೀರಿನಲ್ಲೇ ಇಟ್ಟು ಎಳೆದರು. ಗುರುತು ಮೊದಲಿನ ಹಾಗೇ ಮೂಡಿತು. ಆಮೇಲೆ ಕೆಂಪು ಪೆನ್ನು ಹಿಡಿದು ಇಪ್ಪತ್ತೊಂಬತ್ತು ಸುತ್ತು ಹಾಕಿದರು. ಹುಡುಗ ಅಷ್ಟನ್ನೂ ಕೂತು ನೋಡಿದ.

ಇಲ್ಲಿ ತಪ್ಪು ಹುಡುಗರದಲ್ಲ, ಗುರುವಾರ ತಾವು ಆಡಿದ ಮಾತಿನದು; ಇಪ್ಪತ್ತೇಳು ಜನರ ಓದಿನ ಭಾಗವನ್ನಾದರೂ ನೋಡಬೇಕು, ಇಲ್ಲವೇ ಇನ್ನೊಮ್ಮೆ ಪರೀಕ್ಷೆ ಕೊಡಬೇಕು ಎಂದು ಚನ್ನಯ್ಯನವರು ವಿಶ್ವವಿದ್ಯಾಲಯಕ್ಕೆ ಒಂದು ಪುಟದ ಕಾಗದ ಬರೆದರು. ಬರೆದದ್ದನ್ನು ಅಂಬ್ರಪ್ಪನಿಗೆ ಓದಲು ಕೊಟ್ಟರು. ಅಲ್ಲಿಯವರು ಕೇಳುತ್ತಾರೋ ಇಲ್ಲವೋ ಹೇಳಲಿಕ್ಕೆ ಬರುವುದಿಲ್ಲ ಎಂದೂ ಹೇಳಿದರು. ಅವನು ಹೂಂಗುಟ್ಟಿದ. ಸ್ವಲ್ಪ ಹೊತ್ತಿನ ಮೇಲೆ, "ಟ್ರಂಕ್ ಇರ್ಲಿ ಬಿಡ್ರಿ, ಅವ್ವ ಅದರಾಗ ಜ್ವಾಳ ಹಾಕ್ತಾಳ," ಎಂದ. ನಗಬೇಕೆಂದು ಹೇಳಿದ ಮಾತು. ಇಬ್ಬರಿಗೂ ನಗೆ ಬರಲಿಲ್ಲ.

ಬಂಡಲು ಕಟ್ಟುವ ಹೊತ್ತಾಯಿತು. ಯಾವ ಕಾಲೇಜಿನದೆಂದು ಎಲ್ಲರಿಗೂ ಕಾಣುವ ಹಾಗೆ ಮೇಲೊಂದು ಹೆಸರಿನ ಹಾಳೆ ಇಡುವುದು ರೂಢಿ. ಚನ್ನಯ್ಯನವರು ಸೆಳೆಖಾನೆಯಿಂದ ತಮ್ಮ ಪತ್ರಿಕೆ ತೆಗೆದರು. ಖಾಲಿ ಬಿಟ್ಟಿದ್ದ ಹೆಸರಿನ ಜಾಗದಲ್ಲಿ ಮಸಿಯ ಪೆನ್ನಿನಿಂದ ತಮ್ಮ ಪೂರ್ತಿ ಹೆಸರು, ಎಂ.ಎ., ಇಂಗ್ಲಿಷ್ ಉಪನ್ಯಾಸಕ, ಕಾಲೇಜಿನ ಹೆಸರು ಎಲ್ಲ ಬರೆದು, ಆರುವ ತನಕ ಊದಿ, ಕಟ್ಟಿನ ಎಲ್ಲಕ್ಕಿಂತ ಮೇಲೆ ಇಟ್ಟರು.

ಅಂಬ್ರಪ್ಪ ದಾರ ಬಿಚ್ಚುತ್ತಿದ್ದವನು ಬಗ್ಗಿ ನೋಡಿದ. ಕೆಂಪು ಸುತ್ತುಗಳನ್ನು ಮೇಲಿಂದ ಕೆಳಗಿನ ತನಕ ನೋಡಿದ. ಕಟ್ಟನ್ನು ಸರಿ ಕುಟ್ಟುವವನ ಹಾಗೆ ಎತ್ತಿ, ಆ ಹಾಳೆಯನ್ನು ಮೆಲ್ಲಗೆ ಜಾರಿಸಿ ತನ್ನ ಪತ್ರಿಕೆಯ ಕೆಳಗೆ ಸೇರಿಸಿದ.

ಚನ್ನಯ್ಯನವರು ಕೈ ನೀಡಿ ಅದನ್ನು ಹೊರಗೆಳೆದು ಮತ್ತೆ ಮೇಲಿಟ್ಟರು.

ಸಸಿಯ ಸೂಡು ಕಟ್ಟಿ ಪಳಗಿದ ಕೈ ಅವನದು. ದಾರವನ್ನು ಉದ್ದಕ್ಕೊಂದು ಸುತ್ತು, ಅಡ್ಡಕ್ಕೊಂದು ಸುತ್ತು ಬಿಗಿದು, ಎರಡೂ ಕೂಡುವಲ್ಲಿ ಹೆಬ್ಬೆರಳು ಒತ್ತಿ ಹಿಡಿದ. ಎರಡೂ ಕೂಡಿದ್ದು ಹೆಸರಿನ ಮೇಲೆಯೇ ಇತ್ತು. ಅಲ್ಲೇ ಗಂಟು ಹಾಕಲು ಹೋದ.

"ಸ್ವಲ್ಪ ಕೆಳಗ ಕಟ್ಟು," ಎಂದರು ಚನ್ನಯ್ಯನವರು.

ಹೊರಗೆ ರಾಜಾಸಾಬ ಬಸ್ಸು ಬಂತೆಂದು ಕೂಗಿದ. ಅಂಬ್ರಪ್ಪ ಹೆಬ್ಬೆರಳನ್ನು ಅಲ್ಲಿಯೇ ಇಟ್ಟುಕೊಂಡು ಒಂದು ಗಳಿಗೆ ನಿಂತ. ಆಮೇಲೆ ಬೆರಳು ತೆಗೆದು, ದಾರವನ್ನು ನಾಲ್ಕು ಬೆರಳು ಕೆಳಗೆ ಸರಿಸಿ, ಗಂಟು ಹಾಕಿದ.