ಮಾಲೆ ಹಾಕಿದ ಕಂಪ್ಯೂಟರ್

ಶಂಕಗಿರಿಯ ಆ ಲಾರಿ ಆಫೀಸಿನಲ್ಲಿ ಕಂಪ್ಯೂಟರ್ ಗೊತ್ತಿದ್ದವಳು ನಾನೊಬ್ಬಳೇ. ಹಾಗಾಗಿ ಅದು ಕೆಟ್ಟರೆ ಕೆಡಿಸಿದವಳೂ ನಾನೇ. ವಿಚಾರಣೆ ಗಿಚಾರಣೆ ಏನೂ ಬೇಡ.

ತೊಂಬತ್ತೊಂಬತ್ತರ ಆಯುಧಪೂಜೆ. ಎರಡು ಸಾವಿರನೇ ಇಸವಿ ಹುಟ್ಟಿದರೆ ಕಂಪ್ಯೂಟರಿನ ತಾರೀಖು ತಪ್ಪುತ್ತದೆಂದು ಸೇಲಂನಿಂದ ಫ್ಲಾಪಿಯಲ್ಲಿ ಅಪ್‌ಡೇಟ್ ಬಂದಿತ್ತು. ಪೂಜೆಯ ಬೆಳಿಗ್ಗೆ ಅದನ್ನು ಹಾಕಿ, ಎರಡೆರಡು ಸಲ ಆನ್ ಮಾಡಿ ನೋಡಿ, ಆಫ್ ಮಾಡಿ, ಫ್ಲಾಪಿಯನ್ನು ಮೇಜಿನ ಮೇಲಿಟ್ಟು, ಪೂಜೆಗೆ ನಿಲ್ಲದೆ ಮನೆಗೆ ಹೋದೆ. ಮರುದಿನ ಸ್ವಿಚ್ ಒತ್ತಿದರೆ ಕಪ್ಪು ಪರದೆ. ಡಿಸ್ಕಿನಲ್ಲಿ ಸಿಸ್ಟಮ್ ಇಲ್ಲವೆಂದು ಇಂಗ್ಲಿಷಿನಲ್ಲಿ ಒಂದೇ ಸಾಲು.

ವೈರುಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಿದೆ. ಸೇಲಂಗೆ ಫೋನ್ ಮಾಡಿದರೆ ಪೆಟ್ಟಿಗೆಯನ್ನೇ ಹೊತ್ತು ತನ್ನಿ ಎಂದರು. ಆ ಪೆಟ್ಟಿಗೆಯ ಮುಂಭಾಗ ಪೂರ್ತಿ ಚೆಂಡುಹೂವಿನ ದಪ್ಪ ಮಾಲೆ. ಸಂಜೆ ಪೂಜೆ ಎತ್ತುವವರೆಗೆ ಮಾಲೆ ಮುಟ್ಟಕೂಡದೆಂದು ಓನರ್ ಸುಬ್ಬರಾಯನ್ ಕಟ್ಟಪ್ಪಣೆ. ಮುಟ್ಟಲೂ ಕೂಡದು, ಓಡಲೂ ಬೇಕು! ಎಂಥಾ ನ್ಯಾಯವೋ.

ಆಮೇಲೆ ಅಪ್ಪನನ್ನು ಕರೆಸಿದರು. ಅಪ್ಪ ಮಲ್ಲಪ್ಪ ಅವರದೇ ಲಾರಿಯ ಡ್ರೈವರ್. ನಿನ್ನ ಮಗಳು ಮಿಷಿನ್ ಹಾಳುಮಾಡಿದಳು, ನಾಳೆಯಿಂದ ಬರುವುದು ಬೇಡ ಎಂದು ಎಲ್ಲ ಡ್ರೈವರುಗಳ ಎದುರೇ ಹೇಳಿದರು. ಅಪ್ಪ, ತನಗಿಂತ ಹತ್ತು ವರ್ಷ ಚಿಕ್ಕವನ ಮುಂದೆ ಕೈ ಮುಗಿದ.

"ಚಿಕ್ಕ ಉಡುಗಿ ಸಾಮಿ, ತಿಳೀದೆ ಮಾಡ್ಬುಟ್ಟವ್ಳೆ. ಒಂದು ಕಿತ ಮನ್ನಿಸ್ಬುಡಿ" ಎಂದು ಕಾಲು ಮುಟ್ಟಲು ಬಗ್ಗಿದ.

ನನ್ನ ಮೈಯೆಲ್ಲ ಉರಿದುಹೋಯಿತು. ಒಳಗೆ ನುಗ್ಗಿ ಮಾಲೆಯನ್ನು ಕಿತ್ತೆಸೆದೆ. ಅದರ ಹಿಂದೆ, ಡ್ರೈವಿನೊಳಗೆ ನನ್ನ ಫ್ಲಾಪಿ. ಅಂಚಿಗೆ ಕುಂಕುಮ ಹಚ್ಚಿ ತುರುಕಿದ್ದರು. ಒಳಗೆ ಫ್ಲಾಪಿ ಇದ್ದರೆ ಕಂಪ್ಯೂಟರ್ ಮೊದಲು ಅದನ್ನೇ ಓದಲು ಹೋಗುತ್ತದೆ, ಅಲ್ಲೇ ನಿಲ್ಲುತ್ತದೆ. ಎಳೆದು ತೆಗೆದು ಸ್ವಿಚ್ ಒತ್ತಿದೆ. ಅಪ್‌ಡೇಟ್ ಸಮೇತ ಎಲ್ಲ ಸರಿಯಾಗಿ ಬಂತು.

ಹಿಂದೆಯೇ ಬಂದ ಸುಬ್ಬರಾಯನ್‌ಗೆ ಚೂರೂ ನಾಚಿಕೆಯಿಲ್ಲ. ಹೊಸ ಸಾಮಾನು, ಅದಕ್ಕೂ ಪೂಜೆಯಾಗಲಿ ಎಂದು ತಾನೇ ಒಳಗಿಟ್ಟದ್ದಂತೆ. "ಈಗ ಓಡ್ತಾ ಐತಲ್ಲ, ಇನ್ನೇನು? ನಾಳೇನೂ ಬಾ" ಎಂದರು. ಇದೇ ಮಾತನ್ನು ಅಂಗಳದಲ್ಲಿ, ಎಲ್ಲರ ಎದುರು, ನಮ್ಮಪ್ಪನಿಗೆ ಹೇಳಿ ಎಂದೆ. ಅವರು ಫೋನ್ ಎತ್ತಿಕೊಂಡು ಯಾರಿಗೋ ನಂಬರ್ ತಿರುಗಿಸತೊಡಗಿದರು.

ನಾನೇ ಹೊರಗೆ ಹೋಗಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅಪ್ಪ ಸುತ್ತ ನೋಡಿ ದನಿ ತಗ್ಗಿಸಿದ.

"ಮೆತ್ಗೆ ಮಾತಾಡಮ್ಮಾ. ಕರ್ಪೂರದ ತಟ್ಟೆ ಇಡ್ಕಂಡು ಪಕ್ದಲ್ಲೇ ನಿಂತಿದ್ದೆ. ಅವ್ರು ತುರುಕಿದ್ನ ನಾನೂ ನೋಡ್ದೆ. ಅದ್ರಿಂದ್ಲೇ ಇರ್ಬೋದು ಅಂತ ಬೆಳಗ್ಗೇನೇ ಅನ್ನಿಸ್ತು."

"ಮತ್ತೆ ಯಾಕಪ್ಪಾ ಏಳ್ಲಿಲ್ಲ?"

"ಓನರ್ದು ತಪ್ಪು ಅಂತ ಎಂಗಮ್ಮಾ ಏಳೋದು? ನಿಂದು ಅಂದ್ರೆ ಮನ್ನಿಸ್ತಾರೆ."

ಸಂಜೆ ಮೇಟೂರು ಬಸ್ಸಿನಲ್ಲಿ ಅಪ್ಪ ಟವೆಲ್ ಹಾಕಿ ನನಗೂ ಸೀಟು ಹಿಡಿದಿದ್ದ. ನಾನು ಊರವರೆಗೂ ನಿಂತೇ ಬಂದೆ.