ಪಾಚಿ ತಿನ್ನಲು ಬಂದವನು

ನಮ್ಮ ಅತ್ತೆ ಲೀಲಾವತಿಯವರು ನನ್ನ ಮದುವೆಯಾದಂದಿನಿಂದ ನನ್ನೊಂದಿಗೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಜಗಳವೇನಿಲ್ಲ. ಚಿತ್ರದುರ್ಗದ ಅವರ ಮನೆತನದಲ್ಲಿ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವುದಿಲ್ಲ, ಅಷ್ಟೇ. ಮಾವನವರು ಇರುವವರೆಗೆ ತೊಂದರೆಯಿರಲಿಲ್ಲ. "ಅಳಿಯಂದಿರಿಗೆ ಇನ್ನೊಂದು ರೊಟ್ಟಿ ಹಾಕಲೇ ಕೇಳಿ" ಎಂದು ಅತ್ತೆ ಅವರಿಗೆ ಹೇಳುವರು. ಪಕ್ಕದಲ್ಲೇ ಕೂತ ನಾನು "ಸಾಕು ಅನ್ನಿ" ಎಂದು ಅವರಿಗೇ ಹೇಳುವೆ. ಅವರು ಪಾಪ, ಎರಡೂ ಕಡೆ ತಲೆಯಾಡಿಸುತ್ತಾ ಊಟ ಮುಗಿಸುವರು.

ಮಾವನವರು ತೀರಿಕೊಂಡ ಮೇಲೆ ನನ್ನ ಹೆಂಡತಿ ವೈಜಯಂತಿ ಅಮ್ಮನನ್ನು ದೆಹಲಿಗೆ, ಜನಕಪುರಿಯ ನಮ್ಮ ಫ್ಲ್ಯಾಟಿಗೆ ಕರೆತಂದಳು. ಅವಳು ಶಾಲೆಯಲ್ಲಿ ಟೀಚರು. ಮಗಳು ಗಗನಾಳನ್ನು ಕರೆದುಕೊಂಡು ಬೆಳ್ಳಂಬೆಳಗ್ಗೆಯೇ ಹೊರಡುತ್ತಾಳೆ. ನನ್ನ ಆಫೀಸಿನ ಚಾರ್ಟರ್ಡ್ ಬಸ್ಸು ಬರುವುದು ಆಮೇಲೆ. ಅಲ್ಲಿಯವರೆಗೆ ಮನೆಯಲ್ಲಿ ಅತ್ತೆ ಮತ್ತು ನಾನು, ನಡುವೆ ಯಾರೂ ಇಲ್ಲ. ಮೊದಮೊದಲು ಅವರು ಅಡುಗೆಮನೆಯ ಗೋಡೆಗೆ ಮಾತಾಡಿ ನೋಡಿದರು. ಗೋಡೆಯ ಜೊತೆ ಎಷ್ಟೆಂದು ಮಾತಾಡುವುದು?

ನೆರವಿಗೆ ಬಂದವನು ಚಿನ್ನಪ್ಪ. ಗಗನಾಳ ಹುಟ್ಟುಹಬ್ಬಕ್ಕೆ ತಂದ ಅಕ್ವೇರಿಯಂನಲ್ಲಿದ್ದ ಗೋಲ್ಡ್ ಫಿಶ್‌ಗೆ ಅತ್ತೆಯೇ ಇಟ್ಟ ಹೆಸರು ಅದು.

"ಚಿನ್ನಪ್ಪಾ, ಹೆಂಚು ಕಾದಿದೆ. ದೋಸೆ ಬಿಸಿಬಿಸಿ ಇದ್ದಾಗಲೇ ತಿಂದ್ರೆ ಚೆಂದ."

"ಚಿನ್ನಪ್ಪಾ, ಚಟ್ನಿಗೆ ಇವತ್ತು ಹುಣಸೆಹಣ್ಣು ಸರಿಯಾಗಿ ಬಿದ್ದಿದೆ ಅಂತ ಹೇಳಪ್ಪ."

ಚಿನ್ನಪ್ಪ ಬಾಯಿ ತೆರೆದು ಮುಚ್ಚುತ್ತಿದ್ದ. ಒಳ್ಳೆಯ ಮಧ್ಯಸ್ಥ, ಒಂದು ಮಾತೂ ಆಚೀಚೆ ಮಾಡುತ್ತಿರಲಿಲ್ಲ. ಆ ಬೆಳಗುಗಳು ನನಗೆ ಎಷ್ಟು ಇಷ್ಟವಾಗಿಬಿಟ್ಟವೆಂದರೆ ರಜೆಯ ದಿನ ಮನೆ ತುಂಬಾ ಜನ ಇದ್ದರೆ ನನಗೇ ಸಿಡುಕು.

ಚಳಿಗಾಲದಲ್ಲಿ ಗಾಜಿಗೆ ಹಸಿರು ಹಿಡಿಯಿತು. ನೀರು ಬದಲಾಯಿಸಿದರೂ ವಾರದಲ್ಲಿ ಮತ್ತೆ ಪಾಚಿ. ಚಿನ್ನಪ್ಪ ಕಾಣದಾದ, ಅತ್ತೆಯ ಮಾತೂ ಕಡಿಮೆಯಾಯಿತು. ಒಂದು ಸಂಜೆ ವೈಜಯಂತಿ ಕಣ್ಣು ಒರೆಸಿಕೊಳ್ಳುತ್ತಾ ಹೇಳಿದಳು, "ಸಂಕ್ರಾಂತಿ ಆದ್ಮೇಲೆ ಅಮ್ಮ ಊರಿಗೆ, ನಮ್ಮ ಸೋದರಮಾವನ ಮನೆಗೆ ಹೋಗ್ತಾರಂತೆ. ಅಳಿಯನ ಮನೇಲಿ ಎಷ್ಟು ದಿನ ಅಂತ ಬಾಯಿಗೆ ಬೀಗ ಹಾಕ್ಕೊಂಡು ಕೂರೋದು ಅಂತಾರೆ."

ಗಾಜು ತಿಳಿಯಾದರೆ ಅತ್ತೆಯ ಮಾತೂ ಮರಳೀತು ಅಂದುಕೊಂಡೆ. ಭಾನುವಾರವೇ ಗಗನಾಳನ್ನು ಕರೆದುಕೊಂಡು ಮೀನಿನ ಅಂಗಡಿಗೆ ಓಡಿದೆ.

"ಟ್ಯಾಂಕ್ ಪರ್ ಧೂಪ್ ಆತೀ ಹೈ ಕ್ಯಾ?" ಅಂಗಡಿಯವನು ಕೇಳಿದ.

ಬಿಸಿಲೇ? ಪರದೆ ಸದಾ ಎಳೆದೇ ಇರುತ್ತದೆ ಎಂದು ನಾನು ಎದೆ ತಟ್ಟಿ ಹೇಳಿದೆ. ಹಾಗಾದರೆ ಪಾಚಿ ತಿನ್ನುವ ಜೀವಿ ಒಂದನ್ನು ಬಿಡಿ ಎಂದು ಅವನು ಒಂದೊಂದಾಗಿ ತೋರಿಸಿದ. ಬಸವನಹುಳು ನೋಡಿ ಗಗನಾ ಮುಖ ಕಿವುಚಿದಳು. "ಛೀ ಪಾಪಾ, ಕಿತ್ನಾ ಚಿಪ್‌ಚಿಪಾ! ಬರೀ ಲೋಳೆ, ಬೇಡ!" ಪುಟ್ಟ ಸಿಗಡಿಗಳು ಚೆಂದವಿದ್ದವು, ಆದರೆ ಗೋಲ್ಡ್ ಫಿಶ್ ಅವನ್ನು ನಾಷ್ಟಾ ಮಾಡಿಬಿಡುತ್ತದಂತೆ. ಕೊನೆಗೆ ಮೂಲೆಯಲ್ಲಿ ಗಾಜು ಕಚ್ಚಿಕೊಂಡಿದ್ದ ಕರಿ ಸಕರ್ ಮೀನನ್ನು ತೋರಿಸಿ, "ಯೇ ತೋ ಶುದ್ಧ ಶಾಕಾಹಾರಿ ಹೈ, ಸರ್" ಅಂದ.

ಅಷ್ಟು ಸಾಕಿತ್ತು. ತಲೆತಲಾಂತರದಿಂದ ಮೊಟ್ಟೆಯನ್ನೂ ಮುಟ್ಟದ ಮನೆತನ ನಮ್ಮದು. ಮೀನಾದರೂ ನಮ್ಮ ಪೈಕಿಯದೇ ಸಿಕ್ಕಿತಲ್ಲ ಎಂದು ಬೇರೇನೂ ಕೇಳದೆ ತಂದುಬಿಟ್ಟೆ. ಅತ್ತೆಗೂ ಸಂತೋಷವೋ ಸಂತೋಷ. "ಚಿನ್ನಪ್ಪಾ, ನಿಂಗೆ ಒಳ್ಳೆ ಸಹವಾಸ ಸಿಕ್ತು ನೋಡು" ಅಂದರು.

ಕೆಲವೇ ದಿನಗಳಲ್ಲಿ ಗಾಜು ಕನ್ನಡಿಯಂತಾಯಿತು. ಮಾತು ಮತ್ತೆ ಶುರುವಾಯಿತು. ಊರಿಗೆ ಹೋಗುವ ಮಾತನ್ನು ಮಾತ್ರ ಅತ್ತೆ ಹಿಂತೆಗೆದುಕೊಂಡಿರಲಿಲ್ಲ. ನನಗೋ ಕೇಳಲು ಧೈರ್ಯವಿಲ್ಲ.

ಒಂದು ಬೆಳಗ್ಗೆ ಗಡ್ಡಕ್ಕೆ ನೊರೆ ಹಚ್ಚಿಕೊಳ್ಳುತ್ತಿದ್ದೆ.

"ತಿಪ್ಪೇಸ್ವಾಮೀ! ಬೇಗ ಬನ್ನಿ ಇಲ್ಲಿ!"

ಅತ್ತೆ ನನ್ನ ಹೆಸರು ಹಿಡಿದು ಕೂಗಿದ್ದರು; ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬ್ರಷ್ಷು ಹಿಡಿದೇ ಓಡಿದೆ. ಶುದ್ಧ ಶಾಕಾಹಾರಿ ಚಿನ್ನಪ್ಪನ ಪಕ್ಕೆಗೆ ಬಾಯಿ ಅಂಟಿಸಿಕೊಂಡು ಹೀರುತ್ತಿತ್ತು. ಬಲೆ ಹಾಕಿ ಅದನ್ನು ಬಿಡಿಸಿ ಬಕೆಟ್ಟಿಗೆ ಹಾಕಿದೆ. ಚಿನ್ನಪ್ಪನ ಮೈಮೇಲೆ ಕೆಂಪು ಗಾಯ. ಅವನು ತಳದಲ್ಲಿ ವಾಲಿಕೊಂಡು ನಿಂತ.

"ದರಿದ್ರದ್ದು! ಇವತ್ತೇ ಅವನ ಅಂಗಡಿಗೆ ಎಸೆದು ಬರ್ತೀನಿ" ಎಂದು ನಾನು ಕೂಗಾಡಿದೆ.

ಅತ್ತೆ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿ, ಸೌತೆಕಾಯಿಯ ಹೋಳೊಂದನ್ನು ತಂದು ಬಕೆಟ್ಟಿಗೆ ಹಾಕಿದರು. ಸಕರ್ ಮೀನು ಅದನ್ನು ಗಬಕ್ಕನೆ ಹಿಡಿಯಿತು. "ಪಾಚಿ ಮುಗೀತು, ನಾವೇನೂ ಹಾಕ್ಲಿಲ್ಲ. ಕೆಲಸಕ್ಕೆ ಬಂದವರಿಗೆ ಊಟ ಹಾಕಬೇಡ್ವಾ ಚಿನ್ನಪ್ಪಾ?" ಅಂದರು. ಸ್ವಲ್ಪ ತಡೆದು, "ಆ ಪಾಚಿ ಬರ್ಸಿದ್ದೂ ನಾನೇ. ಅವರು ಆಫೀಸಿಗೆ ಹೋದ್ಮೇಲೆ ದಿನಾ ಪರದೆ ಸರಿಸ್ತಿದ್ದೆ. ಇಷ್ಟು ಚಳೀಲಿ ನಿಂಗೆ ಒಂಚೂರು ಬಿಸಿಲು ಬೀಳ್ಲಿ ಅಂತ" ಎಂದರು.

ನನ್ನ ಸಿಟ್ಟು ಎಲ್ಲಿ ಹೋಯಿತೋ. ಈ ಹೆಂಗಸು ಹೊರಟುಹೋದರೆ ಮನೆ ಬಣಗುಟ್ಟುತ್ತದೆ ಅನ್ನಿಸಿತು.

"ಚಿನ್ನಪ್ಪಾ," ಎಂದೆ, "ಸಂಕ್ರಾಂತಿ ಆದ್ಮೇಲೂ ಹೋಗಬೇಡಿ ಅಂತ ಅವರಿಗೆ ಹೇಳಪ್ಪ."

ಚಿನ್ನಪ್ಪ ಬಾಯಿ ತೆರೆಯಲಿಲ್ಲ. ಅತ್ತೆ ಗಾಜಿಗೆ ಬಗ್ಗಿ ಅವನನ್ನು ನೋಡಿದರು.

"ಅವನಿಗೆ ಹುಷಾರಿಲ್ಲ. ಅವನನ್ನ ಯಾಕೆ ದಣಿಸ್ತೀರಿ? ನನಗೇ ಹೇಳಿ."

"ಹೋಗಬೇಡಿ ಅತ್ತೆ."

ಅವರು ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. "ಪಾಚಿಗೆ ಅಂತ ಇನ್ಯಾರನ್ನೂ ತರಬೇಡಿ. ಒಂದು ಹಿಡಿ ತೆಂಗಿನ ನಾರು ತಂದುಕೊಡಿ, ನಾನೇ ಉಜ್ಜುತೀನಿ" ಎಂದರು. ಆಮೇಲೆ, ಇಷ್ಟು ವರ್ಷಗಳಲ್ಲಿ ಮೊದಲ ಸಲ, ನನ್ನ ಮುಖ ನೋಡಿದರು.

"ನೊರೆ ಒಣಗ್ತಾ ಇದೆ. ಮುಖ ತೊಳ್ಕೊಂಡು ಬನ್ನಿ, ದೋಸೆ ಹಾಕ್ತೀನಿ."